ಬುಡದ ಚಿಗುರು

ಮರಿಯಪ್ಪನಿಗೆ ಹೇಸಿಗೆ ಎನ್ನುವುದು ಹುಟ್ಟಿನಿಂದಲೇ ಬಂದದ್ದು. ಕೆಲವರಿಗೆ ರಾಗ ಬರುತ್ತದೆ, ಕೆಲವರಿಗೆ ಮಾತು ಬರುತ್ತದೆ. ಅವನಿಗೆ ವಾಕರಿಕೆ ಬರುತ್ತಿತ್ತು. ಟೀ ಲೋಟದ ಅಂಚಿಗೆ ಕೆನೆಯ ಒಂದು ಎಳೆ ಅಂಟಿದ್ದರೆ ಲೋಟ ಹಾಗೆಯೇ ಕೆಳಗಿಳಿಯುತ್ತಿತ್ತು. ಬಸ್ಸಿನ ಕಂಬಿಯನ್ನು ಟವೆಲ್ಲಿನ ತುದಿಯಿಂದ ಹಿಡಿಯುತ್ತಿದ್ದ. ಮದುವೆ ಊಟದಲ್ಲಿ ಪಕ್ಕದವನು ಬೆರಳು ಚೀಪಿದರೆ ಇವನ ಎಲೆಯಲ್ಲಿ ಪಾಯಸ ಉಳಿಯುತ್ತಿತ್ತು. ಅರವತ್ತೆರಡು ವರ್ಷವಾದರೂ ಮೂಗಿನ ಪಕ್ಕದ ಆ ಸುಕ್ಕು ಸಡಿಲವಾಗಿರಲಿಲ್ಲ.

ಇಂಥವನು ಮಣ್ಣು, ಗೊಬ್ಬರದ ನಡುವೆ ಬದುಕಿದ್ದು ನೋಡಿದವರಿಗೆ ತಮಾಷೆ. ನಾಗರಬಾವಿಯ ರಿಂಗ್ ರೋಡಿನ ಪಕ್ಕ, ಭೈರೇಶನ ನರ್ಸರಿಯಲ್ಲಿ ಅವನು ಕಸಿ ಕಟ್ಟುವವನು. ಹೆಂಗಸರು ಕುಂಡಕ್ಕೆ ಗೊಬ್ಬರ ತುಂಬುತ್ತಾ ರೇಗಿಸುತ್ತಿದ್ದರು: "ಏನ್ ಮರಿಯಪ್ಪಣ್ಣ, ಸಗಣಿ ಮುಟ್ತೀರ, ನಮ್ ಡಬ್ಬಿ ಚಿತ್ರಾನ್ನ ಮುಟ್ಟಲ್ಲ?"

"ಗೊಬ್ಬರ ಗಲೀಜಲ್ಲ ಕಣ್ರಮ್ಮಾ. ಅದು ತನ್ನ ಕೆಲಸ ಮುಗಿಸಿ ಬಂದಿರೋದು. ಗಲೀಜು ಅಂದ್ರೆ ಕೆಲಸ ಕೆಡಿಸೋದು."

ಆದರೆ ಆ ಮಡಿಯೇ ಅವನ ಕೈಗುಣವಾಗಿತ್ತು. ಒಂದೊಂದು ಕಡ್ಡಿಗೂ ಚಾಕು ಒರೆಸುತ್ತಿದ್ದ. ಕೊಯ್ದ ಗಾಯಕ್ಕೆ ಬೆರಳು ತಾಗಿಸುತ್ತಿರಲಿಲ್ಲ, ಉಸಿರು ಕೂಡ ಬಿಡುತ್ತಿರಲಿಲ್ಲ. ಬೇರೆಯವರು ಕಟ್ಟಿದ ಹತ್ತರಲ್ಲಿ ಆರು ಹಿಡಿದರೆ ಮರಿಯಪ್ಪನದು ಹತ್ತಕ್ಕೆ ಹತ್ತೂ ಚಿಗುರುತ್ತಿತ್ತು. ವಿಜಯನಗರದಿಂದ, ಬಸವೇಶ್ವರನಗರದಿಂದ ಜನ ಅವನ ಹೆಸರು ಹಿಡಿದು ಬರುತ್ತಿದ್ದರು. ಭೈರೇಶ್ ಗೇಟಿನ ಮೇಲೆ ಬೋರ್ಡನ್ನೇ ಬರೆಸಿದ್ದ: ಮರಿಯಪ್ಪನವರು ಕಟ್ಟಿದ ಕಸಿ ಗಿಡಗಳು ಇಲ್ಲಿ ದೊರೆಯುತ್ತವೆ.

ಇತ್ತೀಚೆಗೆ ಆ ಬೋರ್ಡಿನ ಕೆಳಗೆ ನಡೆಯುವಾಗ ಮರಿಯಪ್ಪ ತಲೆ ಎತ್ತುತ್ತಿರಲಿಲ್ಲ. ಕಾರಣ ನರ್ಸರಿಯ ಹಿಂಭಾಗದಲ್ಲಿತ್ತು. ಹಸಿರು ಪರದೆಯ ನೆರಳಿನಲ್ಲಿ ಎರಡಡಿ ಎತ್ತರದ ಮಾವಿನ ಗಿಡಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಕಳೆದ ವರ್ಷ ಕಟ್ಟಿದ ಕಸಿ. ಆದರೂ ಒಂದೊಂದರಲ್ಲೂ ಹೂಗೊಂಚಲು, ಕೆಲವುಗಳಲ್ಲಿ ಗೋಲಿ ಗಾತ್ರದ ಕಾಯಿ. ಗೆಣ್ಣುಗಳು ಒಂದರ ಮೇಲೊಂದು ಕುಕ್ಕರಿಸಿ, ಎಲೆಗಳು ಮುದುರಿ, ಹಾಲುಹಲ್ಲು ಬೀಳದ ಮಗುವಿಗೆ ಮೀಸೆ ಬಂದ ಹಾಗೆ ಕಾಣುತ್ತಿದ್ದವು. ಭೈರೇಶ್ ಬುಡಕ್ಕೆ ಹುಯ್ಯುವ ಬಿಳಿ ದ್ರಾವಣದ ಮಹಿಮೆ ಅದು. ಡಬ್ಬಿಯ ಮೇಲಿನ ಉದ್ದ ಹೆಸರನ್ನು ಮೊಟಕು ಮಾಡಿ ನರ್ಸರಿಯಲ್ಲಿ ಎಲ್ಲರೂ ಅದನ್ನು 'ಪ್ಯಾಕ್ಲೋ' ಎನ್ನುತ್ತಿದ್ದರು. ದೊಡ್ಡ ತೋಟಗಳಲ್ಲಿ ಬಲಿತ ಮರಕ್ಕೆ ಅಳತೆ ನೋಡಿ ಹಾಕುವ ಮದ್ದು. ಭೈರೇಶ್ ಕುಂಡದ ಕೂಸಿಗೆ ಮಗ್ಗಿನಲ್ಲಿ ಹುಯ್ಯುತ್ತಿದ್ದ.

ಮರಿಯಪ್ಪ ಕಲಿತ ಪದ್ಧತಿಯೇ ಬೇರೆ. ಕಸಿಗಿಡ ಮೊದಲ ಎರಡು ವರ್ಷ ಹೂ ಬಿಟ್ಟರೆ ಚಿವುಟಿ ಹಾಕಬೇಕು. ಬೇರು ಬಲಿಯುವ ಮೊದಲು ಬಸಿರು ಬೇಡ. ಆ ಸಾಲಿನ ಮುಂದೆ ಹಾದುಹೋಗುವಾಗಲೆಲ್ಲ ಅವನ ಬೆರಳು ತುರಿಸುತ್ತಿತ್ತು.

"ಅಸಹ್ಯ ಕಣಪ್ಪಾ ಭೈರೇಶ್, ಇದು. ಎಳೆ ಗಿಡದ ಮೈ ಹಿಂಡೋದು."

ಭೈರೇಶನಿಗೆ ನಲವತ್ತರ ಹತ್ತಿರ. ಅಪ್ಪನ ಹೊಲ ಲೇಔಟಾದ ಮೇಲೆ ಉಳಿದ ಪಟ್ಟಿಯಲ್ಲಿ ನರ್ಸರಿ ಇಟ್ಟವನು. ಯಾವ ಮಾತಿಗೂ ಮುಖ ಗಂಟಿಕ್ಕದವನು. "ಮರಿಯಪ್ಪಣ್ಣ, ಕಸ್ಟಮರ್ ಬಾಲ್ಕನಿ ಇರೋದೇ ನಾಲ್ಕಡಿ. ಕಾಯಿ ಕಂಡ್ರೆ ತಗೋತಾರೆ, ಇಲ್ದಿದ್ರೆ ಸೆಲ್ಫಿ ತಗೊಂಡು ಹೋಗ್ತಾರೆ. ನೀವು ಹೂ ಚಿವುಟೋರು, ನಾನು ಹೂ ತರಿಸೋನು. ಇಬ್ರೂ ಗಿಡದ ತಲೆ ಮೇಲೆ ಕೈ ಇಟ್ಟೋರೇ ತಾನೆ?"

"ಥೂ, ನಿನ್ನ ಬಾಯಿಗಿಷ್ಟು."

"ಬೈರಿ, ಬೈರಿ. ಅಂದ ಹಾಗೆ ಭಾನುವಾರ ಫ್ರೀ ಮಾಡ್ಕೊಳ್ಳಿ. ಮಾರೇನಹಳ್ಳಿ ವೆಂಕಟಲಕ್ಷ್ಮಜ್ಜಿ ಫೋನ್ ಮಾಡಿದ್ರು. ಅವ್ರ ಟೆರೇಸಿನ ಚಕ್ಕೋತ ಆರು ವರ್ಷ ಆದ್ರೂ ಒಂದು ಹೂ ಬಿಟ್ಟಿಲ್ವಂತೆ. ಒಂದು ಮಗ್ಗು ಹುಯ್ದು ಬರೋಣ."

ಮರಿಯಪ್ಪನ ಕೈಯಲ್ಲಿದ್ದ ಚಾಕು ನಿಂತಿತು. ಎಲ್ಲ ಹೇಸಿಗೆಯನ್ನೂ ಉಗಿದು ಹೊರಹಾಕಬಲ್ಲವನಿಗೆ ಒಂದು ಮಾತ್ರ ಗಂಟಲಲ್ಲೇ ಕುಳಿತಿತ್ತು. ಅದು ಆ ಚಕ್ಕೋತ.

ಅದರ ತಾಯಿ ಮರ ಮಾರೇನಹಳ್ಳಿಯ ಹಳೆಯ ಮನೆಯ ಹಿತ್ತಲಿನಲ್ಲಿತ್ತು. ವೆಂಕಟಲಕ್ಷ್ಮಮ್ಮನ ಅತ್ತೆ ಬೀಜ ಊರಿ ಬೆಳೆಸಿದ ಮರ. ಹಣ್ಣು ಸುಲಿದರೆ ಕೆಂಪು ತೊಳೆ. ನಾಲಿಗೆಗೆ ಮೊದಲು ಸಿಹಿ, ಆಮೇಲೆ ಒಂದು ಚೂರು ಕಹಿ, ಆ ಕಹಿ ಇಳಿಯುವಾಗ ಮತ್ತೆ ಸಿಹಿ. ಮರಿಯಪ್ಪನ ಮನೆ ಅದೇ ಬೀದಿಯಲ್ಲಿತ್ತು. ತಾಯಿ ಕಾಯಿಲೆ ಬಿದ್ದ ವರ್ಷ ಅವನು ಉಂಡದ್ದು ವೆಂಕಟಲಕ್ಷ್ಮಮ್ಮನ ಕೈಯಲ್ಲೇ. ಅವಳನ್ನು ಅಕ್ಕಯ್ಯ ಎನ್ನುತ್ತಿದ್ದ.

ಆರು ವರ್ಷದ ಹಿಂದೆ ಮನೆ ಕೆಡವಿ ಫ್ಲ್ಯಾಟು ಕಟ್ಟುವುದೆಂದಾಯಿತು. ಮರ ಕಡಿಯುವ ಹಿಂದಿನ ದಿನ ಅಕ್ಕಯ್ಯ ಹೇಳಿಕಳಿಸಿದಳು. "ಮರ ಹೋಗುತ್ತೆ ಕಣೋ. ಅದ್ರ ಜಾತಿ ಉಳಿಸಿಕೊಡು."

ಕಸಿಗೆ ಕಡ್ಡಿ ಎಲ್ಲಿಂದ ತೆಗೆಯಬೇಕೆಂದು ಮರಿಯಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನಿಗೆ ಕೆಲಸ ಕಲಿಸಿದ ಬಸವಲಿಂಗಪ್ಪ ಮೇಸ್ತ್ರಿಯ ಮೊದಲ ಪಾಠವೇ ಅದು: ಒಂದೇ ಮರದಲ್ಲಿ ತುದಿಯ ಚಿಗುರು ಅಜ್ಜ, ಬುಡದ ಚಿಗುರು ಮೊಮ್ಮಗ. ಮರಕ್ಕೆ ನೂರು ವರ್ಷವಾದರೂ ಬುಡದಲ್ಲಿ ಅದು ಇನ್ನೂ ಕೂಸು. ತುದಿಯ ಕಡ್ಡಿ ಕಟ್ಟಿದರೆ ಮೂರನೆಯ ವರ್ಷಕ್ಕೆ ಕಾಯಿ. ಬುಡದ್ದು ಕಟ್ಟಿದರೆ ಬೀಜ ಬಿತ್ತಿದ ಹಾಗೆಯೇ ಲೆಕ್ಕ. ಬರೀ ಮುಳ್ಳು, ಬರೀ ಬೆಳವಣಿಗೆ, ವರ್ಷಗಟ್ಟಲೆ ಕಾಯುವುದು.

ಏಣಿ ಹಾಕಿ ಹತ್ತಿದ. ಮೂರನೆಯ ಮೆಟ್ಟಿಲಿನಿಂದ ಕೊಂಬೆಗೆ ಕೈ ಹಾಕಿದ. ಅಂಗೈ ಅಂಟಿಕೊಂಡಿತು. ಆ ವರ್ಷ ಮರಕ್ಕೆ ಹಿಟ್ಟು ತಿಗಣೆ ಹತ್ತಿತ್ತು. ಎಲೆಗಳ ಮೇಲೆಲ್ಲ ಜಿಗುಟು, ಜಿಗುಟಿನ ಮೇಲೆ ಕಪ್ಪು ಮಸಿ. ಬೆರಳ ಸಂದಿನಲ್ಲಿ ಬಿಳಿ ಹುಳಗಳು ಒಡೆದು ಕಿತ್ತಳೆ ಬಣ್ಣದ ರಸ ಇಳಿಯಿತು. ಮುಖದ ಎದುರಿಗೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿತ್ತು. ಅದು ಹಿಕ್ಕೆಯಲ್ಲ, ಕಂಬಳಿಹುಳದಂಥದ್ದು. ಅಲುಗಿ, ತಲೆಯಿಂದ ಎರಡು ಕೆಂಪು ಕೊಂಬು ಚಾಚಿ ಗಬ್ಬು ನಾತ ಬಿಟ್ಟಿತು. ಮರಿಯಪ್ಪ ಹೇಗೆ ಇಳಿದನೋ. ಬಾವಿಕಟ್ಟೆಯ ಪಕ್ಕ ಕುಳಿತು ಬೆಳಗಿನ ಇಡ್ಲಿಯನ್ನೆಲ್ಲ ಕಾರಿದ.

ಬಾಯಿ ತೊಳೆದು ತಲೆ ಎತ್ತಿದಾಗ ಬುಡದಲ್ಲಿ ಕಂಡವು, ಆರೇಳು ಚಿಗುರು. ನೆಟ್ಟಗೆ, ದಪ್ಪಗೆ, ಮಳೆಯಲ್ಲಿ ತೊಳೆದ ಹಾಗೆ ಹಸಿರು. ಒಂದು ಹುಳವಿಲ್ಲ, ಒಂದು ಮಸಿಯ ಚುಕ್ಕೆಯಿಲ್ಲ. ಗೆಣ್ಣಿಗೊಂದು ಹೆಬ್ಬೆರಳುದ್ದ ಮುಳ್ಳು. ಎಳೆತನದ ಗುರುತೇ ಆ ಮುಳ್ಳು.

ಅವನು ಅತ್ತಿತ್ತ ನೋಡಿದ. ಕೊಯ್ದ. ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಮುಳ್ಳನ್ನು ಚಾಕುವಿನಿಂದ ಸವರಿ, ಕಾಲಿನಿಂದ ಮಣ್ಣು ಮುಚ್ಚಿದ. ಒದ್ದೆ ಗೋಣಿಯಲ್ಲಿ ಸುತ್ತಿ ಎದ್ದಾಗ ಅಕ್ಕಯ್ಯ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

"ತುದಿಯದ್ದು ಸಿಕ್ತೇನೋ?"

"ಸಿಕ್ತು ಅಕ್ಕಯ್ಯ. ಬಿಸಿಲಲ್ಲಿ ಬಲಿತಿರೋ ಕಡ್ಡಿ."

ಆ ಕಡ್ಡಿಗಳ ಹನ್ನೆರಡು ಕಣ್ಣನ್ನು, ಎಂದರೆ ಎಲೆಬುಡದ ಮೊಗ್ಗುಗಳನ್ನು, ಸಸಿಗಳಿಗೆ ಕೂರಿಸಿದ; ಹನ್ನೆರಡೂ ಹಿಡಿದವು. ಅಷ್ಟರಲ್ಲಿ ಮರ ಉರುಳಿತ್ತು. ತುದಿಯೂ ಇರಲಿಲ್ಲ, ಬುಡವೂ ಇರಲಿಲ್ಲ. ಅಕ್ಕಯ್ಯ ಒಂಬತ್ತು ಗಿಡಗಳನ್ನು ನೆಂಟರಿಗೆ, ನೆರೆಯವರಿಗೆ ಹಂಚಿದಳು. ಎರಡು ನರ್ಸರಿಯಲ್ಲಿ ಉಳಿದವು. ಒಂದು ಹೊಸ ಕಟ್ಟಡದ ಟೆರೇಸಿಗೆ ಹೋಯಿತು.

ಮೂರನೆಯ ವರ್ಷ ಕಾಯಿ ಬರಲಿಲ್ಲ, ಮುಳ್ಳು ಬಂತು. ನಾಲ್ಕನೆಯ ವರ್ಷವೂ ಮುಳ್ಳೇ. ಆರ್‌ಪಿಸಿ ಲೇಔಟಿನ ನಿವೃತ್ತ ಅಧಿಕಾರಿಯೊಬ್ಬರು ಮೊಮ್ಮಗಳ ಕೆನ್ನೆಗೆ ಗೀರಿತೆಂದು ಬೇರುಸಹಿತ ಕೀಳಿಸಿದರು. ಒಬ್ಬರು ಕಾರು ನಿಲ್ಲಿಸಲು, ಒಬ್ಬರು ವಾಸ್ತು ಸರಿಯಿಲ್ಲವೆಂದು, ಉಳಿದವರು ಸುಮ್ಮನೆ ಬೇಸರವಾಗಿ ಕಿತ್ತೆಸೆದರು. ನರ್ಸರಿಯ ಎರಡಕ್ಕೆ ಭೈರೇಶ್ ಪ್ಯಾಕ್ಲೋ ಹುಯ್ದ. ಹೂ ಬರಲಿಲ್ಲ; ಗೆಣ್ಣು ಗಂಟುಕಟ್ಟಿ, ಚಿಗುರು ಮುಷ್ಟಿಯಂತೆ ಮುಚ್ಚಿ, ಅವು ಅಲ್ಲೇ ಕೂತವು. ಒಂದು ವರ್ಷ ಹಾಗೆ ಕೂತು ಒಣಗಿದವು; ಭೈರೇಶ್ ಅದಕ್ಕೆ ಬೇರುಕೊಳೆ ಕಾರಣವೆಂದ. ಈಗ ಆ ಮರದ ಜಾತಿಯಲ್ಲಿ ಭೂಮಿಯ ಮೇಲೆ ಉಳಿದದ್ದು ಟೆರೇಸಿನ ಕುಂಡದ ಅದೊಂದೇ ಗಿಡ. ಭಾನುವಾರ ಅದಕ್ಕೂ ಮಗ್ಗು.

ಬುಧವಾರ ಅಕ್ಕಯ್ಯನ ಮೊಮ್ಮಗಳು ಕೀರ್ತನಾ ನರ್ಸರಿಗೆ ಬಂದಳು. ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಸಸ್ಯಶಾಸ್ತ್ರ ಓದುವ ಹುಡುಗಿ. ಬ್ಯಾಗಿನಲ್ಲಿ ಪುಸ್ತಕದ ಜೊತೆ ಯಾವಾಗಲೂ ಎರಡು ಎಲೆ ಒಣಗುತ್ತಿದ್ದವು.

"ತಾತ, ಭೈರೇಶ್ ಅಂಕಲ್ ಹೇಳಿದ ಮದ್ದು ಹಾಕಬಹುದಾ ಅಂತ ನಮ್ಮ ಮೇಡಮ್‌ನ ಕೇಳ್ದೆ."

"ಏನಂದ್ರಮ್ಮಾ?"

ಅವಳು ಬಕೆಟ್ಟನ್ನು ಬೋರಲು ಹಾಕಿ ಕುಳಿತಳು. "ಗಿಡಕ್ಕೂ ಬಾಲ್ಯ, ಪ್ರಾಯ ಇದೆಯಲ್ಲ ತಾತ, ಅದನ್ನ ನಡೆಸೋದು ಅದರ ಮೈಯೊಳಗಿನ ಹಾರ್ಮೋನು. ಜಿಬ್ಬರೆಲಿನ್ ಅಂತ ಒಂದಿದೆ. ಚಕ್ಕೋತ, ನಿಂಬೆಯಂಥದ್ರಲ್ಲಿ ಅದು ಜೋರಾಗಿದ್ರೆ ಗಿಡ ಉದ್ದುದ್ದ ಬೆಳೀತಾನೇ ಇರುತ್ತೆ, ಹೂ ಕಡೆ ತಿರುಗಲ್ಲ. ಪ್ಯಾಕ್ಲೋ ಹಾಕಿದ್ರೆ ಗಿಡ ಜಿಬ್ಬರೆಲಿನ್ ಮಾಡೋದನ್ನೇ ತಡೆಯುತ್ತೆ. ಬೆಳೆಯೋದು ನಿಲ್ಲುತ್ತೆ, ಹೂ ಬರುತ್ತೆ."

"ಸರಿ ಮತ್ತೆ."

"ಸರಿ ಅಲ್ಲ. ಪ್ರಾಯಕ್ಕೆ ಬಂದಿರೋ ಗಿಡಕ್ಕೆ ಮಾತ್ರ. ಹೂ ಬಿಡೋ ಶಕ್ತಿ ಇರೋ ಕಡ್ಡಿಗೆ ಇದು ಬರೀ ಬಾಗಿಲು ತೆಗೆಯುತ್ತೆ. ಎಳೇದಕ್ಕೆ ಹಾಕಿದ್ರೆ ಒಳಗೆ ಯಾರೂ ಇರಲ್ವಲ್ಲ! ಎಳೆ ಗಿಡ ಇಷ್ಟು ಗೆಣ್ಣು ದಾಟಿ ಮೇಲೆ ಬೆಳೆದ ಮೇಲೇನೇ ಪ್ರಾಯಕ್ಕೆ ಬರೋದು. ಇದು ಬೆಳೆಯೋದನ್ನೇ ನಿಲ್ಲಿಸುತ್ತೆ. ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ ಬೇರೆ. ಕುಳ್ಳಾಗಿ ಕೂತು ಸತ್ತೇ ಹೋಗಬಹುದು." ಅವಳು ನಕ್ಕಳು. "ಆದ್ರೆ ನಮ್ದು ಎಳೇದಲ್ವಲ್ಲ. ನೀವು ತುದಿಯ ಕಡ್ಡೀನೇ ತಾನೆ ಕಟ್ಟಿದ್ದು?"

ಮರಿಯಪ್ಪ ನಿಂಬೆಯ ಸಸಿಯ ತೊಗಟೆ ಸೀಳುತ್ತಿದ್ದ. ಉತ್ತರ ಅಲ್ಲೇ, ಚಾಕುವಿನ ತುದಿಯಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ.

"ಹೂಂ. ತುದಿಯದೇ."

"ಹಂಗಾದ್ರೆ ಏನೂ ಭಯ ಇಲ್ಲ," ಎಂದು ಅವಳು ಎದ್ದು ಹೋದಳು.

ಆ ದಿನ ಅವನು ಕಟ್ಟಿದ ಯಾವ ಕಸಿಯೂ ಸರಿಯಾಗಲಿಲ್ಲ. ತನ್ನ ಬಾಯಿಯ ಒಳಗೆ ಏನೋ ಕೊಳೆತ ವಾಸನೆ. ನಲ್ಲಿಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದ, ಉಪ್ಪು ಹಾಕಿ ತಿಕ್ಕಿದ. ಹೋಗಲಿಲ್ಲ. ಭೈರೇಶ್ ಕಾಯಿ ತೋರಿಸಿ ಗಿಡ ಮಾರುತ್ತಾನೆ, ತಾನು ಕಾಯಿಯ ಮಾತು ಕೊಟ್ಟು ಮುಳ್ಳು ಹಂಚಿದವನು. ಭೈರೇಶ್ ಕೂಸಿಗೆ ಮೀಸೆ ಅಂಟಿಸಿದ್ದ, ತಾನು ಕೂಸಿನ ಹಲ್ಲು ಕಿತ್ತು ಮುದುಕ ಎಂದಿದ್ದ. ಇಷ್ಟು ದಿನ ಆ ಹಿಂದಿನ ಸಾಲಿನ ಮುಂದೆ ಮೂಗು ಮುಚ್ಚಿದ್ದು ಯಾವ ನಾತಕ್ಕೆ ಎನ್ನುವುದು ಅವನಿಗೆ ಈಗ ಸ್ಪಷ್ಟವಾಗಿತ್ತು.

ಭಾನುವಾರ ಹತ್ತು ಗಂಟೆಗೆ ಮೂವರೂ ಟೆರೇಸಿನಲ್ಲಿದ್ದರು. ಭೈರೇಶ್ ಮಗ್ಗಿನಲ್ಲಿ ಬಿಳಿ ದ್ರಾವಣ ಕಲಸುತ್ತಿದ್ದ, ಕೀರ್ತನಾ ಕುಂಡದ ಮಣ್ಣು ಕೆದಕುತ್ತಿದ್ದಳು, ಮರಿಯಪ್ಪ ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಂತಿದ್ದ. ಗಿಡ ಅವನ ಎದೆಯಷ್ಟೆತ್ತರಕ್ಕಿತ್ತು. ಅದರ ಮೇಲೆ ಬಟ್ಟೆ ಒಣಹಾಕುವ ತಂತಿ. ತಂತಿಗೆ ತಾಗಬಾರದೆಂದು ಪ್ರತಿ ಕೊಂಬೆಯ ತಲೆಯನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿದ್ದರು. ಕತ್ತರಿಸಿದಲ್ಲೆಲ್ಲ ಹೊಸ ಚಿಗುರು, ಹೊಸ ಮುಳ್ಳು.

ವೆಂಕಟಲಕ್ಷ್ಮಮ್ಮ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಟ್ಟಳು. ಎಪ್ಪತ್ತೆಂಟಾದರೂ ಸೊಂಟ ನೆಟ್ಟಗಿತ್ತು. "ಆರು ವರ್ಷದಿಂದ ಅಂಗಡಿ ಚಕ್ಕೋತ ತಂದು ತಂದು ಕೊಡ್ತಾರೆ ಕಣಪ್ಪಾ. ಹತ್ತಿ ಅಗಿದ ಹಾಗಿರುತ್ತೆ."

"ಒಂದು ಮಗ್ಗು ಅಜ್ಜಿ. ಮುಂದಿನ ವರ್ಷ ನಿಮ್ಮ ಹಣ್ಣು ನಿಮ್ಮ ಕೈಲಿ," ಎಂದ ಭೈರೇಶ್.

"ಮರಿಯಪ್ಪ ಹೇಳ್ಲಿ. ಅವನ ಕೈ ಗಿಡ. ಅವನು ಹೂಂ ಅಂದ್ರೆ ಹುಯ್ಯಿ."

ಎಲ್ಲರೂ ಅವನತ್ತ ತಿರುಗಿದರು.

"ಬೇಡ ಅಕ್ಕಯ್ಯ."

"ಯಾಕೋ?"

"ಮಣ್ಣು ಕೆಡುತ್ತೆ."

ಭೈರೇಶ್ ನಕ್ಕ. "ಅಜ್ಜಿ, ಇವ್ರಿಗೆ ಟೀ ಲೋಟ ಕಂಡ್ರೂ ವಾಕರಿಕೆ. ಮದ್ದು ಕಂಡ್ರೆ ಕೇಳ್ತೀರಾ?"

"ತಾತ, ಬಲಿತ ಕಡ್ಡಿ ಅಂದ್ರೆ ಏನೂ ಆಗಲ್ಲ," ಎಂದಳು ಕೀರ್ತನಾ ಮೆತ್ತಗೆ.

ಅಕ್ಕಯ್ಯ ಒಂದು ಗಳಿಗೆ ಅವನ ಮುಖ ನೋಡಿ, ಕೈ ಬೀಸಿದಳು. "ಹುಯ್ಯಪ್ಪಾ. ಅವನ ಮಡಿ ಇದ್ದದ್ದೇ."

ಮಗ್ಗು ಬಾಗಿತು. ಮರಿಯಪ್ಪ ಎರಡು ಹೆಜ್ಜೆಯಲ್ಲಿ ಬಂದು ಭೈರೇಶನ ಮಣಿಕಟ್ಟು ಹಿಡಿದ. ಸುಣ್ಣದ ನೀರಿನಂಥ ದ್ರಾವಣ ಅವನ ಅಂಗೈಗೆ, ತೋಳಿಗೆ, ಬಿಳಿ ಪಂಚೆಗೆ ಸುರಿಯಿತು.

"ಬಲಿತ ಕಡ್ಡಿ ಅಲ್ಲ," ಎಂದ. "ಬುಡದ್ದು."

ಕೀರ್ತನಾ ಮಣ್ಣಿನಿಂದ ಕೈ ತೆಗೆದಳು. ಮೊದಲು ಅರ್ಥವಾದದ್ದು ಅವಳಿಗೆ, ಆಮೇಲೆ ಅಜ್ಜಿಗೆ. ಹೊಲದ ಮನೆತನದವಳು, ಬುಡ ತುದಿಯ ವ್ಯತ್ಯಾಸ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬುಡದ್ದಾದ್ರೆ ಮುಳ್ಳಿರಬೇಕಿತ್ತಲ್ಲೋ?"

"ಸವರಿದೆ."

"ಕೇಳಿದ್ದೆ ನಿನ್ನ. ಬಾಗಿಲಲ್ಲಿ ನಿಂತು ಕೇಳಿದ್ದೆ."

"ಕೇಳಿದ್ರಿ ಅಕ್ಕಯ್ಯ. ಮೇಲೆ ಹುಳ ಇತ್ತು. ಅಸಹ್ಯ ಆಯ್ತು. ಹತ್ತಕ್ಕಾಗ್ಲಿಲ್ಲ."

"ಹುಳಕ್ಕೆ?" ಅವಳ ಧ್ವನಿ ಏರಲಿಲ್ಲ, ಅದೇ ಕೆಟ್ಟದ್ದಾಗಿತ್ತು. "ಮದುವೆಯಾಗಿ ಬಂದಾಗಿನಿಂದ ಆ ಮರದ ಹುಳ ಬರಿಗೈಲಿ ಆರಿಸಿ ಹಾಕಿದೀನಿ. ಅದೇ ಕೈಲಿ ನಿಂಗೆ ಮುದ್ದೆ ಇಕ್ಕಿದೀನಿ. ಉಂಡೆಯಲ್ಲೋ! ಆಗ ಅಸಹ್ಯ ಆಗ್ಲಿಲ್ವಾ?"

ಮರಿಯಪ್ಪನ ಕಣ್ಣು ಅವಳ ಕೈಗಳ ಮೇಲೆ ಬಿತ್ತು. ಗೆಣ್ಣು ದಪ್ಪಗಾಗಿ, ಉಗುರು ಸೀಳಿ, ಮುಳ್ಳಿನ ಗೀರುಗಳ ಮೇಲೆ ಗೀರು. ಕೆಲವು ಹಳೆಯವು, ಕೆಲವು ಈ ವಾರದವು.

"ಹೋಗ್ಲಿ ಬಿಡಿ ಅಜ್ಜಿ," ಎಂದ ಭೈರೇಶ್, ಶರಟಿನ ತೋಳು ಒರೆಸಿಕೊಳ್ಳುತ್ತಾ. "ಆಗಿದ್ದಾಯ್ತು. ಮರಿಯಪ್ಪಣ್ಣ, ಇದನ್ನ ನರ್ಸರೀಲಿ ಮಾತ್ರ ಬಾಯಿ ಬಿಡಬೇಡಿ."

ಅಕ್ಕಯ್ಯ ಅವನನ್ನು ಕೇಳಿಸಿಕೊಳ್ಳಲಿಲ್ಲ. ಗಿಡದ ಹತ್ತಿರ ಹೋಗಿ ಕತ್ತರಿಸಿದ ತುದಿಗಳನ್ನು ಒಂದೊಂದಾಗಿ ಮುಟ್ಟಿದಳು. "ಕೀರ್ತನಾ, ಇದಕ್ಕೆ ಕತ್ತರಿ ಹಾಕ್ತಾ ಬಂದ್ನಲ್ಲ ಕಣೇ ನಾನು. ಸೀರೆ ಸಿಕ್ಕಿಕೊಳ್ಳುತ್ತೆ ಅಂತ. ಅದರಿಂದ..."

ಹುಡುಗಿಗೆ ಹೇಳಲು ಮನಸ್ಸಿರಲಿಲ್ಲ. "ಹತ್ತೋ ಏಣಿಯ ಮೇಲಿನ ಮೆಟ್ಟಿಲುಗಳನ್ನ ಕತ್ತರಿಸಿದ ಹಾಗೆ ಅಜ್ಜಿ. ಪ್ರತಿ ಸಲ ಮತ್ತೆ ಕೆಳಗಿಂದ ಶುರು ಮಾಡಿದೆ. ಇನ್ನು ಹಂಗೇ ಬಿಟ್ಟರೆ ನಾಲ್ಕೈದು ವರ್ಷ ಆಗಬಹುದು."

"ನಿಜ ಹೇಳಿದ್ರೆ ನಾನು ಕತ್ತರಿ ಮುಟ್ತಾನೇ ಇರ್ಲಿಲ್ಲ." ಅವಳು ಮರಿಯಪ್ಪನತ್ತ ತಿರುಗಿದಳು. "ಬುಡದ್ದು ಅಂದಿದ್ರೆ ಏನಾಗ್ತಿತ್ತೋ? ಬೆಳೆಯೋಕೆ ಬಿಡ್ತಿದ್ದೆ. ಮುಳ್ಳಿನ ಜೊತೆಗೇ ಬಿಡ್ತಿದ್ದೆ. ಈ ಹೊತ್ತಿಗೆ ಹೂ ಕಾಣ್ತಿತ್ತು. ನಂಗೆ ಎಪ್ಪತ್ತೆಂಟು ಕಣೋ. ಆರು ವರ್ಷ ತಿಂದೆ ನೀನು."

ಆ ಬಾಯಿಂದ ಹೊರಡುವ ಯಾವ ಮಾತಾದರೂ ಅವನಿಗೇ ಹೇಸಿಗೆಯೆನಿಸುತ್ತಿತ್ತು.

"ತಂತಿ ಬಿಚ್ಚೇ," ಎಂದಳು ಅಕ್ಕಯ್ಯ ಮೊಮ್ಮಗಳಿಗೆ. "ಬಟ್ಟೆ ಬಾಲ್ಕನೀಲಿ ಒಣಗಲಿ. ದೊಡ್ಡ ಡ್ರಮ್ಮು ತರಿಸು." ಮರಿಯಪ್ಪ ತಂತಿಯ ಗಂಟಿಗೆ ಕೈ ಹಾಕಹೋದ. "ನೀನು ಬೇಡ," ಎಂದಳು. "ಇನ್ನು ಈ ಗಿಡ ಮುಟ್ಟಬೇಡ. ನೀನು ಇಲ್ಲಿಗೆ ಬರೋದೂ ಬೇಡ. ಥೂ."

ಅವನು ಮೆಟ್ಟಿಲಿಳಿದ. ನಾಲ್ಕು ಮಹಡಿ ಇಳಿಯುವಷ್ಟರಲ್ಲಿ ಅಂಗೈಯ ಬಿಳಿ ಒಣಗಿ ಬಿಗಿಯಿತು. ಬೀದಿ ನಲ್ಲಿಯ ಮುಂದೆ ನಿಂತ. ಬಹಳ ಹೊತ್ತು ತೊಳೆದ.

ಮುಂದಿನ ಎರಡು ವಾರ ಕೆಲಸ ಮುಗಿದ ಮೇಲೆ ಮರಿಯಪ್ಪ ಗಿಡ ಪಡೆದಿದ್ದ ಒಂಬತ್ತು ಮನೆಗೂ ಹೋದ. ಭೈರೇಶ್ ಬೇಡವೆಂದ, ಕೈ ಮುಗಿದ, ಕೊನೆಗೆ ರೇಗಿದ. ಇವನು ಹೋದ. ಗೇಟಿನಲ್ಲೇ ನಿಂತು ಒಂದೇ ವಾಕ್ಯದಲ್ಲಿ ಹೇಳುತ್ತಿದ್ದ: ನಾನು ಕೊಟ್ಟದ್ದು ತುದಿಯ ಕಸಿಯಲ್ಲ, ಬುಡದ್ದು, ಸುಳ್ಳು ಹೇಳಿದ್ದೆ. ಒಬ್ಬರಿಗೆ ಗಿಡವೇ ನೆನಪಿರಲಿಲ್ಲ. ಇನ್ನೊಬ್ಬರು, "ಅಯ್ಯೋ ಬಿಡಿ ಮರಿಯಪ್ಪನವ್ರೇ, ಒಂದು ಗಿಡಕ್ಕೆ ಯಾಕಿಷ್ಟು," ಎಂದು ಕಾಫಿಗೆ ಕರೆದರು. ಆರ್‌ಪಿಸಿ ಲೇಔಟಿನವರು ಫೋನಿನಿಂದ ತಲೆ ಎತ್ತದೆ, "ಒಳ್ಳೆ ದಾಸವಾಳ ಇದ್ರೆ ಕಳಿಸಿ," ಎಂದರು. ಒಂಬತ್ತು ಮನೆಯಲ್ಲಿ ಒಬ್ಬರಿಗೂ ಸಿಟ್ಟು ಬರಲಿಲ್ಲ. ನಗುತ್ತಾ, ಕಾಫಿ ಕೊಡುತ್ತಾ, ಕ್ಷಮಿಸಿ ಕಳಿಸುವ ಆ ಮುಖಗಳು ಅವನಿಗೆ ಹಿಟ್ಟು ತಿಗಣೆಗಿಂತ ಜಿಗುಟಾಗಿ ಕಂಡವು.

ಒಂಬತ್ತನೆಯ ಮನೆಯಿಂದ ಹೊರಬಿದ್ದು ಅವನು ಬಸ್ಸಿಗೆ ಕಾಯಲಿಲ್ಲ, ನಡೆದ. ಸುಳ್ಳಿಗೆ ಸಲ್ಲಬೇಕಾದ ಬೈಗುಳವನ್ನು ಅಕ್ಕಯ್ಯನೊಬ್ಬಳೇ ಕೊಟ್ಟಿದ್ದಳು. ಇಷ್ಟು ದೊಡ್ಡ ಊರಿನಲ್ಲಿ ಆ ಮರವನ್ನು ಇನ್ನೂ ಮರವೆಂದು ಬಲ್ಲವಳು ಅವಳೊಬ್ಬಳೇ ಎಂದು ಅವನಿಗೆ ಅನ್ನಿಸಿತು.